ಹತ್ತನೆಯ ಅಧ್ಯಾಯ ತಮ್ಮ ಬಳಿ ಇದೆ

ಹತ್ತು ವರ್ಷದ ಮಕ್ಕಳು ಯಾವ ಕಥೆ ಓದಬೇಕು, ಯಾವುದನ್ನು ಓದಬಾರದು ಎಂದು ತೀರ್ಮಾನಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಮ್ಮ ಮಕ್ಕಳ ಕೈಯಿಂದ ಒಂದು ಕಥೆಯನ್ನು ಅರ್ಧಕ್ಕೆ ಕಸಿದುಕೊಂಡಿದ್ದೀರಿ. ಅದನ್ನು ಮರಳಿ ಕೊಡಿ ಎಂದು ಪತ್ರಿಕೆಯ ಮೂಲಕ ಕೇಳಲು ಈ ಬಹಿರಂಗ ಪತ್ರ. ಖಾನಾಪುರದ ಒಂದು ಶಾಲೆಯ ಐದನೆಯ ತರಗತಿಯಲ್ಲಿ ಮಳೆಗಾಲದಿಂದ ಪ್ರತಿ ಶನಿವಾರ ಒಂದೊಂದು ಅಧ್ಯಾಯ ಓದಿ ಹೇಳುತ್ತಿದ್ದ ಕಾದಂಬರಿ ಅದು. ಒಂಬತ್ತು ಅಧ್ಯಾಯ ಮುಗಿದಿದ್ದವು. ಹತ್ತನೆಯದನ್ನು ಓದುವ ಶನಿವಾರ ಬರುವ ಮೊದಲೇ ತಮ್ಮ ಸುತ್ತೋಲೆ ಬಂತು, ಅದರ ಬೆನ್ನಿಗೇ ಟೆಂಪೋ ಬಂತು, ಪುಸ್ತಕ ಚೀಲ ಸೇರಿತು. ಇಂಥ ಪುಸ್ತಕ ಇದ್ದ ಎಲ್ಲ ಶಾಲೆಗಳಿಂದಲೂ ಹೀಗೆಯೇ ಎತ್ತಿಕೊಂಡು ಹೋದರಂತೆ. ಕಥೆ ಎಲ್ಲಿ ನಿಂತಿದೆ, ಯಾವ ಮಗು ಎಲ್ಲಿ ಕಾಯುತ್ತಿದೆ ಎಂದು ಯಾರೂ ಕೇಳಲಿಲ್ಲ. ಕೇಳುವ ಕಲಮು ಸುತ್ತೋಲೆಯಲ್ಲಿ ಇರಲಿಲ್ಲವೇನೋ.

ನಾನು ಅಧಿಕಾರಿಗಳಿಗೆ ಪತ್ರ ಬರೆಯುವವಳಲ್ಲ. ಹತ್ತನೆಯ ಇಯತ್ತೆಯ ತನಕ ಕಲಿತಿದ್ದೇನೆ, ಹೊಲಿಗೆ ಮಾಡುತ್ತೇನೆ. ಯಜಮಾನರು ಹೋದ ಮೇಲೆ ದಿನಾ ನಾಲ್ಕು ಸಾಲು ದಿನಚರಿ ಬರೆಯುವುದು ರೂಢಿಯಾಗಿದೆ. ಯಾರಿಗೂ ಹೇಳಲು ಬಾರದ್ದನ್ನು ಅಲ್ಲಿ ಬರೆದು ಸುಮ್ಮನಾಗುತ್ತಿದ್ದೆ. ಈ ಸಲ ಸುಮ್ಮನಾಗಲು ಆಗುತ್ತಿಲ್ಲ, ಏಕೆಂದರೆ ಇದನ್ನು ಹೇಳಬೇಕಾದವರು ಯಾರೆಂದು ನನಗೆ ಗೊತ್ತಿದೆ. ಕೂತರೆ ಏಳುತ್ತೇನೆ, ಎದ್ದರೆ ಮತ್ತೆ ಕೂಡುತ್ತೇನೆ. ನಿನ್ನೆ ಒಬ್ಬರ ಜಂಪರಿನ ಎಡತೋಳನ್ನು ಬಲಕ್ಕೆ ಹಚ್ಚಿ, ಬಿಚ್ಚಿ, ಮತ್ತೆ ಬಲಕ್ಕೇ ಹಚ್ಚಿದೆ.

ನನ್ನ ಯಜಮಾನರು ಬೀರೇಶ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥಿನ ಮೇಲೆ ಕೆಲಸ ಮಾಡುತ್ತಿದ್ದರು. ಕಳೆದ ವರ್ಷ ಒಂದು ಮಧ್ಯಾಹ್ನ ಎದೆ ಹಿಡಿದಂತಾಗಿದೆ ಎಂದು ಊಟದ ಡಬ್ಬಿ ಬಾಜುಕ್ಕಿಟ್ಟು ಕುಳಿತವರು ಏಳಲಿಲ್ಲ. ಮೂವತ್ತೆಂಟು ಅವರಿಗೆ. ಈ ವರ್ಷ ಜೂನಿನಲ್ಲಿ ನಾನು ಮಗಳು ತ್ರಿವೇಣಿಯನ್ನು ಕರೆದುಕೊಂಡು ಖಾನಾಪುರದಲ್ಲಿರುವ ನನ್ನ ತಾಯಿಯ ಮನೆಗೆ ಬಂದೆ. ಹೊಸ ಶಾಲೆ, ಹೊಸ ಹುಡುಗರು. ಮನೆಯಲ್ಲಿ ಮಗಳು ಅಪ್ಪನ ಹೆಸರೆತ್ತುತ್ತಿರಲಿಲ್ಲ. ನಾನು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ಅವಳು ಅತ್ತಿದ್ದನ್ನೂ ನಾನು ನೋಡಿರಲಿಲ್ಲ.

ಆ ತರಗತಿಯ ಟೀಚರ್ ನಿಂಗವ್ವ. ಶನಿವಾರ ಮುಂಜಾನೆಯ ಶಾಲೆಯ ಕೊನೆಯ ತಾಸು ಅವರು ಈ ಕಾದಂಬರಿ ಓದುತ್ತಿದ್ದರು. ಪುಸ್ತಕ ಶಾಲೆಗೆ ಒಂದೇ, ಮಕ್ಕಳು ಮೂವತ್ತಕ್ಕೂ ಹೆಚ್ಚು, ಹಾಗಾಗಿ ಓದಿ ಹೇಳುವುದೊಂದೇ ದಾರಿ. ಒಂದು ಅಧ್ಯಾಯ ಮುಗಿದರೆ ಪುಸ್ತಕ ಮುಚ್ಚಿ ಕಪಾಟಿಗೆ. ಹುಡುಗರು ಎಷ್ಟು ಗೋಗರೆದರೂ ಇನ್ನೊಂದು ಪುಟ ಇಲ್ಲ. ತ್ರಿವೇಣಿ ಮನೆಗೆ ಬಂದು, ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕುಳಿತು ಆ ವಾರದ ಕಥೆಯನ್ನು ನನಗೆ ಹೇಳುತ್ತಿದ್ದಳು. ಆ ಪುಸ್ತಕವನ್ನು ನಾನು ಕಣ್ಣಿಂದ ನೋಡಿಲ್ಲ, ಮಾನ್ಯರೇ. ನನಗೆ ಗೊತ್ತಿರುವುದೆಲ್ಲ ಮಗಳ ಬಾಯಿಂದ ಕೇಳಿದ್ದು.

ಕಥೆ ಹೀಗಿದೆ. ಕಾಡವ್ವ ಎಂಬ ಹನ್ನೊಂದು ವರ್ಷದ ಹುಡುಗಿ ಅಪ್ಪನ ಜೊತೆ ಕುರಿ ಹಿಂಡು ಹೊಡೆದುಕೊಂಡು ದೂರದ ಊರುಗಳಿಗೆ ಹೋಗುತ್ತಾಳೆ. ನಮ್ಮದೂ ಮೂಲದಲ್ಲಿ ಕುರಿಯವರ ಮನೆತನ. ನನ್ನ ತಾಯಿ ರೇಣವ್ವ ಮೊದಲ ವಾರ ಕೇಳಿ ನಕ್ಕುಬಿಟ್ಟಳು.

“ಕುರಿ ಕಾಯೂದನ್ನೂ ಪುಸ್ತಕದಾಗ ಬರೀತಾರೇನ? ಹಂಗಾರ ನಿಮ್ಮ ಮುತ್ಯಾ ದೊಡ್ಡ ಪಂಡಿತ ಆಗಿದ್ದ ಬಿಡ!”

“ನೀ ಸುಮ್ನಿರ ಆಯಿ, ನಡುವ ಬಾಯಿ ಹಾಕಬ್ಯಾಡ,” ಎಂದು ತ್ರಿವೇಣಿ ಅಜ್ಜಿಯನ್ನು ಗದರಿಸಿದಳು.

ಎರಡನೆಯ ವಾರದಿಂದ ಆ ಆಯಿಯೇ ಶನಿವಾರ ಮಧ್ಯಾಹ್ನ ಬಾಗಿಲಿಗೆ ಬಂದು ನಿಲ್ಲತೊಡಗಿದಳು. “ಬಂದ್ಲೇನ? ಕಾಡವ್ವನ ಸುದ್ದಿ ಏನ?”

ಶಾಲೆಯ ಗೇಟಿನ ಹೊರಗಿನ ಸಂಗತಿಯನ್ನೂ ತಮಗೆ ಹೇಳಬೇಕು. ಪಕ್ಕದ ಮರಾಠಿ ಶಾಲೆ ಬಿಡುವುದೂ ಅದೇ ಹೊತ್ತಿಗೆ. ನಮ್ಮ ಹುಡುಗರು ಗೇಟು ದಾಟುವ ಮೊದಲೇ ಆ ಮಕ್ಕಳು ಬಂದು ಮುತ್ತುತ್ತಿದ್ದರು: “ಪುಢೆ ಕಾಯ್ ಝಾಲಂ? ಮುಂದೇನಾತು?” ನಮ್ಮ ಹುಡುಗರು ಕನ್ನಡದಲ್ಲಿ ಕೇಳಿದ್ದನ್ನು ಅಲ್ಲೇ ನಿಂತು ಮರಾಠಿಯಲ್ಲಿ ಹೇಳುತ್ತಿದ್ದರು. ನಮ್ಮ ಊರಿನಲ್ಲಿ ಎರಡು ಭಾಷೆಯ ಮಕ್ಕಳನ್ನು ಒಂದೆಡೆ ಕೂರಿಸಲು ದೊಡ್ಡವರು ಎಷ್ಟೋ ಸಭೆ ಮಾಡಿದ್ದಾರೆ. ಒಂದು ಕುರಿ ಹಿಂಡು ಅದನ್ನು ಸಭೆಯಿಲ್ಲದೆ ಮಾಡಿತ್ತು.

ಏಳನೆಯ ಅಧ್ಯಾಯದಲ್ಲಿ ಕಾಡವ್ವನ ಅಪ್ಪನಿಗೆ ಹಾವು ಕಡಿದು ಅವನು ಸಾಯುತ್ತಾನೆ. ಆ ವಾರ ಮಗಳು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದಳು. ನಾನು ಮುಂದಿನ ರೊಟ್ಟಿ ಬಡಿದೆ. ಎಂಟನೆಯದರಲ್ಲಿ ಕಾಡವ್ವ ಒಬ್ಬಳೇ ಹಿಂಡು ಹೊಡೆದುಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ದೊಡ್ಡವರು ಯಾರೂ ಇಲ್ಲವೇ ಎಂದು. ಅವಳು ಎಲ್ಲರಿಗೂ ಒಂದೇ ಮಾತು ಹೇಳುತ್ತಾಳೆ: “ಅಪ್ಪ ಹಿಂದ ಬರಾಕತ್ತಾನ.” ಇದನ್ನು ಹೇಳಿದ ತ್ರಿವೇಣಿ ರೊಟ್ಟಿಯ ಹಿಟ್ಟಿನಲ್ಲಿ ಬೆರಳಾಡಿಸುತ್ತ ಕುಳಿತಳು.

“ಅವ್ವಾ, ಕಾಡವ್ವ ಸುಳ್ಳ ಹೇಳಿದ್ಲಲ್ಲ, ಆಕಿ ಕೆಟ್ಟಾಕೇನ?”

“ಇಲ್ಲವಾ. ಒಬ್ಬಾಕಿನ ಅದಾಳಂತ ಗೊತ್ತಾದ್ರ ಕುರಿ ಕಸ್ಕೊಂತಾರಲ್ಲ. ಮತ್ತ... ಆಕೀಗೂ ಹಂಗ ಅನಿಸಿರಬೇಕು, ಹಿಂದ ಬರಾಕತ್ತಾನಂತ.”

“ನಾನೂ ಹೇಳೇನಿ.”

“ಏನಂತ?”

“ಸಾನಿಕಾಗ. ನಮ್ಮ ಪಪ್ಪಾ ಗೋವಾದಾಗ ಅದಾನ, ದೀಪಾವಳಿಗೆ ಬರ್ತಾನಂತ.”

ಸಾನಿಕಾ ಅವಳ ಹೊಸ ಗೆಳತಿ, ಬೆಂಚಿನಲ್ಲಿ ಪಕ್ಕದಲ್ಲೇ ಕೂಡುವವಳು. ಅವಳನ್ನು ಮನೆಗೆ ಯಾಕೆ ಕರೆಯುವುದಿಲ್ಲವೆಂದು ನಾನು ಎಷ್ಟೋ ಸಲ ಕೇಳಿದ್ದೆ. ನಮ್ಮ ಪಡಸಾಲೆಯ ಗೋಡೆಗೆ ಮಾಲೆ ಹಾಕಿದ ಫೋಟೋ ಇದೆ. ಆಗ ಅರ್ಥವಾಯಿತು. ಆ ದಿನ, ಆ ರೊಟ್ಟಿ ಕಲ್ಲಿನ ಮುಂದೆ, ನಾವಿಬ್ಬರೂ ಅವರು ಹೋದ ಮೇಲೆ ಮೊದಲ ಸಲ ಅವರ ಬಗ್ಗೆ ಮಾತಾಡಿದೆವು. ರೊಟ್ಟಿ ಕರಕಾಯಿತು. ತಮ್ಮ ಸಮಿತಿ ಈ ಅಧ್ಯಾಯದ ಬಗ್ಗೆ ಏನು ಬರೆದಿದೆ ಎಂಬುದು ನನಗೆ ಈಗ ಗೊತ್ತು. ಅದಕ್ಕೆ ಬರುತ್ತೇನೆ.

ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಊರಿನ ಮುದುಕಿ ಕಾಡವ್ವನಿಗೆ ಉಣ್ಣಲು ಕೊಟ್ಟು, ತಲೆ ನೇವರಿಸಿ, “ಖರೇ ಹೇಳ ಮಗಾ, ನಿಮ್ಮಪ್ಪ ಬರ್ತಾನೇನ?” ಎಂದು ಕೇಳುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ನಿಂಗವ್ವ ಟೀಚರ್ ಪುಸ್ತಕ ಮುಚ್ಚಿದಾಗ ಹುಡುಗರು ಬೆಂಚು ಬಡಿದರಂತೆ. ನನ್ನ ಮಗಳು ಬಡಿಯಲಿಲ್ಲ. ಮನೆಗೆ ಬಂದು ನನಗೆ ಹೇಳಿದಳು: “ಆಕಿ ಮುದುಕಿಗೆ ಏನಂತ ಹೇಳ್ತಾಳ ನೋಡ್ತೀನಿ. ಆಮ್ಯಾಲ ನಾನೂ ಸಾನಿಕಾಗ ಹೇಳ್ತೀನಿ.”

ಅದಾದ ಮುಂದಿನ ಶನಿವಾರ ಪುಸ್ತಕ ಇರಲಿಲ್ಲ.

ತಮ್ಮ ಸುತ್ತೋಲೆಯನ್ನು ಟೀಚರ್ ನನಗೆ ತೋರಿಸಿದರು. ಮೂರು ಕಾರಣ ಕೊಟ್ಟಿದ್ದೀರಿ. ಮರಣದ ಪ್ರಸ್ತಾಪ, ಸುಳ್ಳಿನ ಪ್ರೋತ್ಸಾಹ, ಅಶುದ್ಧ ಭಾಷೆ. ಎಳೆಯ ಮನಸ್ಸುಗಳ ಮೇಲೆ ಸಾವಿನ ನೆರಳು ಬೀಳಬಾರದು ಎಂದು ಬರೆದಿದ್ದೀರಿ. ಇದನ್ನು ನಾನು ಪೂರ್ಣ ಒಪ್ಪುತ್ತೇನೆ. ಇಷ್ಟು ಒಳ್ಳೆಯ ಆದೇಶದ ಒಂದು ಪ್ರತಿಯನ್ನು ದಯಮಾಡಿ ಯಮಧರ್ಮನ ಕಚೇರಿಗೂ ಕಳಿಸಿ. ಐದನೆಯ ತರಗತಿ ಮುಗಿಯುವ ತನಕ ಯಾವ ಮಗುವಿನ ಮನೆಗೂ ಬರಕೂಡದೆಂದು ಅವನಿಗೆ ತಾಕೀತು ಮಾಡಿ. ಅವನು ಪಾಲಿಸಿದರೆ ನಾವೂ ಪಾಲಿಸುತ್ತೇವೆ. ಅಲ್ಲಿಯ ತನಕ, ಸಾವು ಮನೆಯೊಳಗೆ ಬಂದು ಕುಳಿತಿರುವ ಮಗುವಿನ ಪುಸ್ತಕದಿಂದ ಮಾತ್ರ ಅದನ್ನು ಹೊರಗೆ ಹಾಕಿದರೆ ಏನಾಗುತ್ತದೆ? ಆ ಮಗು ತನಗೆ ಮಾತ್ರ ಹೀಗಾಗಿದೆ ಎಂದುಕೊಳ್ಳುತ್ತದೆ. ಅಷ್ಟೇ ಆಗುತ್ತದೆ.

ಇನ್ನು ಅಶುದ್ಧ ಭಾಷೆ. ಕುರಿಯ ಹಿಂದೆ ನಡೆಯುವ ಹುಡುಗಿ, “ಪೂಜ್ಯ ತಂದೆಯವರು ಹಿಂಬದಿಯಿಂದ ಆಗಮಿಸುತ್ತಿರುವರು” ಎಂದು ಹೇಳಿದ್ದರೆ ತಮಗೆ ಸಮಾಧಾನವಾಗುತ್ತಿತ್ತೇ? ಅವಳ ಕುರಿಗಳೇ ಅವಳನ್ನು ಬಿಟ್ಟು ಹೋಗುತ್ತಿದ್ದವು. ತ್ರಿವೇಣಿಗೆ ಮೊದಲ ಪುಟದಲ್ಲೇ ಕಥೆ ಹಿಡಿಸಿದ್ದು ಕಾಡವ್ವ ನಮ್ಮ ಹಾಗೆ ಮಾತಾಡುತ್ತಾಳೆ ಎಂಬ ಕಾರಣಕ್ಕೆ. ನಮ್ಮ ಮಾತಿಗೂ ಅಚ್ಚು ಇದೆಯೆಂದು ತಿಳಿದ ದಿನ ಅವಳು ಸ್ವಲ್ಪ ತಲೆಯೆತ್ತಿ ನಡೆದಳು.

ಕಸಿದುಕೊಂಡದ್ದರ ಬದಲಿಗೆ ತಾವು ಒಪ್ಪಿದ ಪುಸ್ತಕಗಳನ್ನು ಕಳಿಸಿದ್ದೀರಿ. ಅದರಲ್ಲೊಂದನ್ನು ಮಗಳು ಮನೆಗೆ ತಂದಿದ್ದಳು. ಅದರ ನಾಯಕ ಬೆಳಗ್ಗೆ ಬೇಗ ಏಳುತ್ತಾನೆ, ಹಲ್ಲು ತಿಕ್ಕುತ್ತಾನೆ, ಗಿಡ ನೆಡುತ್ತಾನೆ, ಬಹುಮಾನ ಪಡೆಯುತ್ತಾನೆ. ಇಡೀ ಪುಸ್ತಕದಲ್ಲಿ ಒಂದು ಸಲವೂ ಅವನ ಚಪ್ಪಲಿ ಕಳೆಯುವುದಿಲ್ಲ. ಕೊನೆಯ ಪುಟದಲ್ಲಿ ಚೌಕಟ್ಟಿನೊಳಗೆ ನೀತಿ. ಮಗಳು ಅಷ್ಟನ್ನೂ ಓದಿ ಬದಿಗಿಟ್ಟು ಹೇಳಿದಳು: “ಅವ್ವಾ, ಇಂವಂಗ ಏನೂ ಆಗೂದ ಇಲ್ಲ.” ಈ ವಯಸ್ಸಿನ ಮಕ್ಕಳಿಗೆ ಪುಸ್ತಕ ಆಯ್ಕೆ ಮಾಡುವ ವಿದ್ಯೆ ನನಗೆ ಗೊತ್ತಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ. ಚಿತ್ರದ ಪುಸ್ತಕ ಹಿಡಿದರೆ ಅವರಿಗೆ ಈಗ ನಾಚಿಕೆ, ದೊಡ್ಡವರ ಕಾದಂಬರಿ ಹಿಡಿದರೆ ಸುಸ್ತು. ನಡುವೆ ನಿಂತಿದ್ದಾರೆ. ಅವರಿಗೆ ತಮ್ಮಷ್ಟೇ ಎತ್ತರದ ಒಬ್ಬಳು ಬೇಕು; ಅವಳಿಗೆ ಏನಾದರೂ ಆಗಬೇಕು; ದೊಡ್ಡವರು ಬಂದು ಬಿಡಿಸುವ ಮೊದಲು ಅವಳೇ ಏನಾದರೂ ಮಾಡಬೇಕು. ನಡುವೆ ನಗು ಬೇಕು. ಅಧ್ಯಾಯ ಮುಗಿಯುವಾಗ ಬಾಗಿಲು ಸ್ವಲ್ಪ ತೆರೆದೇ ಇರಬೇಕು, ಮುಂದಿನ ಶನಿವಾರದ ತನಕ ಗಾಳಿ ಆಡುವಷ್ಟು. ನೀತಿ ಬೇಕಿದ್ದರೆ ಅವರೇ ಹುಡುಕಿಕೊಳ್ಳುತ್ತಾರೆ, ಬೇಡವಾದರೆ ಬಿಡುತ್ತಾರೆ. ನಾವೂ ಹಾಗೆಯೇ ಅಲ್ಲವೇ?

ಹತ್ತನೆಯ ಅಧ್ಯಾಯವನ್ನು ನಾನೇ ಹೇಳಿ ನೋಡಿದೆ. ಕಾಡವ್ವ ಮುದುಕಿಯ ತೊಡೆಯ ಮೇಲೆ ತಲೆಯಿಟ್ಟು, ನಮ್ಮಪ್ಪ ಇಲ್ಲ ಅಂದಳು, ಮುದುಕಿ ಸಮಾಧಾನ ಮಾಡಿದಳು ಎಂದೆ. ಮಗಳು ನನ್ನ ಮುಖ ನೋಡಿದಳು. “ಇದು ನೀ ಹೇಳಾಕತ್ತಿ. ಆಕಿ ಹೇಳಿದ್ದಲ್ಲ.” ತಾಯಿ ಹೇಳಿದರೆ ಅದು ಬುದ್ಧಿಮಾತು. ಕಾಡವ್ವ ಹೇಳಿದರೆ ಬೇರೆ.

ಕೊಂಡುಕೊಳ್ಳೋಣವೆಂದು ಬೆಳಗಾವಿಗೆ ಹೋದೆ. ಪೇಟೆಯ ಅಂಗಡಿಗಳನ್ನು ತಿರುಗಿ, ಕ್ಯಾಂಪ್ ಭಾಗದ ಹಳೆ ಪುಸ್ತಕದ ಅಂಗಡಿಗೂ ಹೋದೆ. “ಸಾಲಿಗಂತ ಛಾಪಿಸಿದ್ದು ಹೊರಗ ಸಿಗಂಗಿಲ್ಲ ಅಕ್ಕಾರ. ಗೈಡ್ ಬೇಕೇನ್ರಿ?” ಎಂದರು. ಕೊನೆಗೆ ನಿಂಗವ್ವ ಟೀಚರ್ ಕೊಟ್ಟ ವಿಳಾಸ ಹಿಡಿದು ಶಿವಬಸವ ನಗರಕ್ಕೆ, ತಮ್ಮ ಸಮಿತಿಯ ಸದಸ್ಯರೊಬ್ಬರ ಮನೆಗೆ ಹೋದೆ. ನಿವೃತ್ತ ಹೆಡ್‌ಮಾಸ್ತರು, ಗುರುಪುತ್ರಪ್ಪ ಸರ್. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

“ಬರ್ರಿ, ಕುಂದರ್ರಿ. ಯಾವ ಪುಸ್ತಕ ಅಂದ್ರಿ?”

“ಕುರಿ ಕಾಯೂ ಹುಡುಗೀದ್ರಿ ಸರ್. ಕಾಡವ್ವ.”

“ಓ, ಕಾಡವ್ವ!” ಎಂದು ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ತಂಗೀ, ಆಮ್ಯಾಲ ಆ ಹುಡುಗಿ ಏನಾದ್ಲು?”

ಹಾಸ್ಯ ಮಾಡುತ್ತಿದ್ದಾರೆ ಅಂದುಕೊಂಡೆ. “ನೀವ ಓದೀರಲ್ರಿ ಸರ್?”

“ನನಗ ಎಂಟನೇದಷ್ಟ ಬಂದಿತ್ತು. ಪೇಪರ್ ತಿದ್ದಿದಂಗ ನೋಡ್ರಿ. ಒಬ್ಬರಿಗೆ ಒಂದ ಪ್ರಶ್ನಿ ಕೊಡ್ತಾರಲ್ಲ, ಹಂಗ. ಪುಸ್ತಕ ಬಾಳ, ದಿನ ಕಮ್ಮಿ. ಝೆರಾಕ್ಸ್ ತಗದು ಒಬ್ಬೊಬ್ಬರಿಗೆ ಒಂದೊಂದ ಅಧ್ಯಾಯ ಹಂಚಿದ್ರು. ಲಗೂ ಮುಗೀತು.”

ಅಡುಗೆಮನೆಯ ಬಾಗಿಲಿನಿಂದ ಅವರ ಮನೆಯವರು ಹೇಳಿದರು: “ಇವರದು ಯಾವಾಗಲೂ ಅಷ್ಟವಾ. ಮದುವಿಗೆ ಹೋದ್ರ ಪಂಕ್ತಿಗೆ ಕುಂತ ಎದ್ದ ಬರ್ತಾರ, ಮದುಮಗಳ ಮಾರಿ ನೋಡಿರಂಗಿಲ್ಲ.”

“ನೀ ಚಹಾ ತಗೊಂಡ ಬಾ.”

“ಪೂರಾ ಕಪ್ ತರಲ್ಯೋ, ಎಂಟನೇ ಪಾಲಷ್ಟ ತರಲ್ಯೋ?”

ಸರ್ ನಗಲಿಲ್ಲ. ಎಂಟನೆಯ ಅಧ್ಯಾಯಕ್ಕೆ ಏನು ಬರೆದಿರಿ ಎಂದು ಕೇಳಿದೆ. “ಸುಳ್ಳು ಹೇಳುವುದನ್ನು ಕಲಿಸುತ್ತದೆ, ಅಂತ ಬರದೆ. ಅಪ್ಪ ಹಿಂದ ಬರಾಕತ್ತಾನ ಅಂತಾಳ, ಕಡೀಕ ಹಿಂದ ನೋಡಿದ್ರ ಯಾರೂ ಇಲ್ಲ. ಸುಮ್ ಸುಮ್ಕ ಸುಳ್ಳ ಹೇಳೂ ಹುಡುಗಿ ಅನಿಸ್ತು.”

“ಆಕಿ ಅಪ್ಪ ಏಳನೇ ಅಧ್ಯಾಯದಾಗ ಸತ್ತಾನ್ರಿ ಸರ್.”

ಅವರು ಕನ್ನಡಕ ತೆಗೆದು ಮಡಿಲಿನಲ್ಲಿಟ್ಟುಕೊಂಡರು. ಚಹಾ ಬಂದು ಆರಿತು. ಆಮೇಲೆ ಫೋನು ತೆಗೆದು ಇನ್ನೊಬ್ಬ ಸದಸ್ಯರಿಗೆ ಹಚ್ಚಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

“ನಾಗಲಿಂಗ ಸರ್, ಆ ಕುರಿ ಪುಸ್ತಕದಾಗ ನಿಮಗ ಯಾವ ಅಧ್ಯಾಯ ಬಂದಿತ್ರಿ?”

“ಹನ್ನೊಂದ್ರಿ.”

“ಹುಡುಗಿ ಏನ ಮಾಡಾಕತ್ತಿದ್ಲು?”

“ನಗಾಕತ್ತಿದ್ಲು. ಒಬ್ಬಾಕಿ ಮುದುಕಿ ಬಾಜು ಕುಂತ, ನಮ್ಮಪ್ಪ ಹೆಂಗ ಗೊರಕಿ ಹೊಡೀತಿದ್ದ ಅಂತ ಮಾಡಿ ತೋರಸ್ತಾಳ. ತಂದೆಯ ಬಗ್ಗೆ ಅಗೌರವ, ಅಂತ ಬರದೆ ನೋಡ್ರಿ. ಯಾಕ್ರಿ?”

“ಮತ್ತ ಹತ್ತು ಯಾರ ಕಡೆ ಇತ್ತು?”

“ಹತ್ತು ಅಧ್ಯಕ್ಷರ ಕಡೆ ಇತ್ತಲ್ರಿ. ‘ನೀತಿ ಸ್ಪಷ್ಟವಿಲ್ಲ’ ಅಂತ ಬರದಾರ.”

ಮಾನ್ಯರೇ, ಖಾನಾಪುರದ ಬಸ್ಸಿನಲ್ಲಿ ಕುಳಿತು ನಾನು ಇದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಒಂಬತ್ತರಲ್ಲಿ ಮುದುಕಿ ಕೇಳುತ್ತಾಳೆ. ಹನ್ನೊಂದರಲ್ಲಿ ಕಾಡವ್ವ ಅಪ್ಪನ ಗೊರಕೆ ಮಾಡಿ ತೋರಿಸಿ ನಗುತ್ತಾಳೆ. ನಡುವೆ ಅವಳು ಏನೋ ಹೇಳಿದ್ದಾಳೆ, ಹೇಳಿದ ಮೇಲೆ ನಗಲು ಬಂದಿದೆ. ಅದು ಏನು? ಮನೆಗೆ ಬಂದು ಮಗಳಿಗೆ ಹನ್ನೊಂದರ ಸುದ್ದಿ ಹೇಳಿದೆ. “ನಕ್ಕಳೇನ?” ಎಂದು ಅವಳು ನೆಟ್ಟಗೆ ಕುಳಿತಳು. “ಹಂಗಾರ ಹತ್ತರಾಗ ಏನಂದ್ಲು?” ಅದನ್ನು ಓದಿದವರು ಇಡೀ ಸಮಿತಿಯಲ್ಲಿ ತಾವೊಬ್ಬರೇ. ಓದಿ, ನೀತಿ ಸ್ಪಷ್ಟವಿಲ್ಲ ಎಂದಿರಿ. ಹಿಂದಿನ ಒಂಬತ್ತು ಇಲ್ಲದೆ, ಮುಂದಿನದೂ ಇಲ್ಲದೆ, ಒಂದು ಹುಡುಗಿ ಒಬ್ಬ ಮುದುಕಿಗೆ ಹೇಳಿದ ಮಾತು ತಮಗೆ ಹೇಗೆ ಸ್ಪಷ್ಟವಾಗಬೇಕು? ನಡುರಸ್ತೆಯಲ್ಲಿ ಅಳುತ್ತ ನಿಂತವರ ಮುಂದೆ ಗಾಡಿಯಲ್ಲಿ ಹಾದುಹೋಗುತ್ತ, ಇವರ ಅಳುವಿಗೆ ಅರ್ಥವಿಲ್ಲ ಎಂದಂತೆ ಅದು.

ಗುರುಪುತ್ರಪ್ಪ ಸರ್ ಆಮೇಲೆ ಫೋನು ಮಾಡಿದ್ದರು. ಝೆರಾಕ್ಸ್ ಹಾಳೆಗಳನ್ನು ಅಭಿಪ್ರಾಯದ ಜೊತೆಗೇ ವಾಪಸು ತೆಗೆದುಕೊಂಡಿದ್ದಾರಂತೆ. ಪುಸ್ತಕದ ಚೀಲಗಳಿಗೆ ಸೀಲು ಹಾಕಿ ಒಂದು ಕೋಣೆಯಲ್ಲಿ ಇಟ್ಟಿದ್ದಾರಂತೆ. ಅಂತಿಮ ವರದಿಗೆ ತಮ್ಮ ಸಹಿ ಬೀಳುವ ತನಕ ತೆಗೆಯುವಂತಿಲ್ಲ, ಸಹಿ ಬಿದ್ದ ಮೇಲೆ ರದ್ದಿಗೆ. “ನಾ ನನ್ನ ಅಭಿಪ್ರಾಯ ವಾಪಸ್ ತಗೋತೀನಂತ ಬರದ ಕೊಟ್ಟೇನಿ ತಂಗೀ. ಆದ್ರ ನಂದು ಎಂಟನೇದಕ್ಕಷ್ಟ ನಡೀತೈತಿ,” ಎಂದರು.

ಇತ್ತ ದೀಪಾವಳಿ ಹತ್ತಿರ ಬಂದಿದೆ. ಗೋವಾದಿಂದ ನಿಮ್ಮ ಪಪ್ಪಾ ಏನೇನು ತರುತ್ತಾರೆ ಎಂದು ಸಾನಿಕಾ ಕೇಳುತ್ತಿದ್ದಾಳಂತೆ. ಮೊನ್ನೆಯಿಂದ ತ್ರಿವೇಣಿ ಹೊಟ್ಟೆನೋವು ಎಂದು ಶಾಲೆಗೆ ಹೋಗಿಲ್ಲ. ಹೊಟ್ಟೆನೋವಲ್ಲ ಅದು. ಅದಕ್ಕೇ ನನಗೆ ಕೂಡಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ.

ನನ್ನ ಬೇಡಿಕೆ ಕೇಳಿ. ಆ ವರದಿಗೆ ಸಹಿ ಹಾಕಬೇಡಿ. ಚೀಲ ಬಿಚ್ಚಿಸಿ, ಒಂದು ಪುಸ್ತಕ ತೆಗೆದುಕೊಂಡು, ಮೊದಲ ಪುಟದಿಂದ ಕೊನೆಯ ಪುಟದ ತನಕ ತಾವೊಬ್ಬರೇ ಓದಿ. ಸಾಲದಿದ್ದರೆ ಯಾವುದಾದರೂ ಐದನೆಯ ತರಗತಿಯ ಮುಂದೆ ಗಟ್ಟಿಯಾಗಿ ಓದಿ, ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚಿ ನೋಡಿ. ಯಾವ ಮಗುವೂ ಬೆಂಚು ಬಡಿಯದಿದ್ದರೆ, ಮುಂದೇನಾಯಿತು ಎನ್ನದಿದ್ದರೆ, ಆಗ ಬೇಕಾದ್ದನ್ನು ಬರೆಯಿರಿ. ಇನ್ನು ಮುಂದೆ ಯಾವ ಕಥೆಯನ್ನೂ ಪೂರ್ತಿ ಓದದವರು ಅದರ ಮೇಲೆ ಒಂದಕ್ಷರ ಬರೆಯದಂತೆ ನೋಡಿಕೊಳ್ಳಿ. ದೀಪಾವಳಿಗೆ ಮೊದಲು ಒಂದು ಶನಿವಾರ ಬರುತ್ತದೆ. ಅಷ್ಟರೊಳಗೆ ಪುಸ್ತಕಗಳು ಶಾಲೆಗೆ ಬರಬೇಕು. ಹತ್ತನೆಯ ಅಧ್ಯಾಯದಲ್ಲಿ ಏನಿದೆ ಎಂದು ನನಗೆ ಉತ್ತರ ಬರೆದು ತಿಳಿಸುವ ತೊಂದರೆ ಬೇಡ. ತಾವು ಹೇಳಿದರೆ ಅದು ಸುತ್ತೋಲೆಯಾಗುತ್ತದೆ. ಅದನ್ನು ಕಾಡವ್ವನೇ ಹೇಳಬೇಕು.

ಯಾವ ಶಾಲೆಗೆ ಕಳಿಸಬೇಕೆಂದು ತಮ್ಮ ಕಚೇರಿಯವರು ಕೇಳಬಹುದು. ಹೇಳುವುದಿಲ್ಲ. ಈ ಪತ್ರದಲ್ಲಿ ಎಲ್ಲರ ಹೆಸರುಗಳನ್ನೂ ಬದಲಿಸಿದ್ದೇನೆ. ಗೋವಾ ಎಂದದ್ದು ಗೋವಾ ಅಲ್ಲ, ಲೇಥ್ ಎಂದದ್ದು ಲೇಥ್ ಅಲ್ಲ. ಸಾನಿಕಾಳ ಮನೆಗೂ ಪತ್ರಿಕೆ ಬರುತ್ತದೆ. ನಾನು ಸಹಿ ಹಾಕಿದರೆ, ನನ್ನ ಮಗಳು ತನ್ನ ಬಾಯಿಂದ ಹೇಳಬೇಕೆಂದು ಕಾಯುತ್ತಿರುವ ಮಾತನ್ನು ನಾನೇ ಊರಿಗೆಲ್ಲ ಹೇಳಿದಂತಾಗುತ್ತದೆ. ಆದ್ದರಿಂದ ಎಲ್ಲಿಂದ ಎತ್ತಿದ್ದೀರೋ ಅಲ್ಲಿಗೆಲ್ಲ ಕಳಿಸಿ, ಒಂದು ಶಾಲೆಯನ್ನೂ ಬಿಡಬೇಡಿ. ಆ ಮಗು ಯಾವುದೆಂದು ತಮಗೆ ಗೊತ್ತಾಗುವುದು ಬೇಡ.

ಇಂತಿ,
ಮಗಳು ಹೇಳುವ ತನಕ ಹೆಸರು ಹಾಕಲಾರದ
ಒಬ್ಬ ತಾಯಿ,
ಖಾನಾಪುರ